ಹಲ್ಲುಚಕ್ರಕ್ಕೆ ಯಾವ ಯಂತ್ರ ಕೊಳ್ಳಬೇಕು?

ಪಲ್ಲಡಂ, ಸೋಮನೂರು, ಅವಿನಾಶಿ ಕಡೆಯ ರೈತರ ಮನೆಗಳಲ್ಲಿ ಹೊಲದ ಜೊತೆಗೆ ವಿದ್ಯುತ್ ಮಗ್ಗವೂ ಇರುವುದು ಹೊಸ ಸಂಗತಿಯಲ್ಲ. ಬಾವಿ ಬತ್ತಿದ ವರ್ಷಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಮಗ್ಗದಿಂದಲೇ. ಅದರ ಹಲ್ಲುಚಕ್ರ, ಎಂದರೆ ಗೇರು, ಮುರಿದರೆ ಆ ದಿನದ ಕೂಲಿ ಹೋಯಿತು. ಮೇವು ಕತ್ತರಿಸುವ ಯಂತ್ರದ್ದು ಮುರಿದರೆ ದನ ಕಾಯುತ್ತಾ ಕೂರುವುದಿಲ್ಲ. ಆದುದರಿಂದ ಹಿತ್ತಲ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡಿರುವ ನಮ್ಮ ಯುವಕರು ಗೇರನ್ನೂ ತಾವೇ ಮಾಡಲು ಹೊರಟಿರುವುದು ಸಂತೋಷದ ವಿಷಯ. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ಅವರು ವಿದ್ಯುತ್ ಮೋಟಾರು ತಯಾರಿಸಿದ ಕೊಯಮತ್ತೂರು ಸೀಮೆಯಲ್ಲಿ ಈ ಧೈರ್ಯ ಇಲ್ಲದಿದ್ದರೆ ಮತ್ತೆಲ್ಲಿ ಇರಬೇಕು?

ಆದರೆ ಧೈರ್ಯ ಬೇರೆ, ಸಾಲ ಬೇರೆ. ಮನೆಯಾಕೆಯ ಒಡವೆ ಒತ್ತೆಯಿಟ್ಟು ಹಳೆಯ ಹಾಬಿಂಗ್ ಯಂತ್ರ ತರಲು ಹೊರಟವರನ್ನು ನಾವು ಕಂಡಿದ್ದೇವೆ. ಅದು ಬೇಡವೆಂಬುದೇ ನಮ್ಮ ಅಭಿಪ್ರಾಯ. ಯಂತ್ರ ಕೆಟ್ಟದ್ದೆಂದಲ್ಲ. ಒಂದು ಅಳತೆಗೆ ಒಂದೇ ಹಾಬ್ ಇದ್ದರೆ ಸಾಕು, ಆ ಅಳತೆಯಲ್ಲಿ ಎಷ್ಟು ಹಲ್ಲಿನ ಚಕ್ರವನ್ನಾದರೂ ಸರಿಯಾದ ಬಾಗಿನಲ್ಲಿ ಕತ್ತರಿಸಬಹುದು. ಒಂದೇ ಬಗೆಯ ನೂರು ಗೇರು ಬೇಕಾದವರಿಗೆ ಅದೇ ತಕ್ಕದ್ದು. ನಮ್ಮ ಶೆಡ್ಡಿಗೆ ಬರುವ ಕೆಲಸ ಅಂಥದ್ದೇ? ಈ ವಾರ ಮಗ್ಗದ್ದೊಂದು, ಬರುವ ತಿಂಗಳು ಕಬ್ಬಿನ ಗಾಣದ್ದೊಂದು. ಉಳಿದ ದಿನವೆಲ್ಲ ಯಂತ್ರ ಗೋಣಿಚೀಲ ಹೊದ್ದು ಮಲಗುತ್ತದೆ, ಬಡ್ಡಿ ಮಲಗುವುದಿಲ್ಲ. ರಾಶಿ ಕೆಲಸ ಬಂದಾಗ ಕೊಯಮತ್ತೂರಿನಲ್ಲಿ ಕೂಲಿಗೆ ಮಾಡಿಸಿ ತರಬಹುದು.

ಬಿಡಿ ಕೆಲಸಕ್ಕೆ ಒಂದು ಸಣ್ಣ ಮಿಲ್ಲಿಂಗ್ ಯಂತ್ರ, ಒಂದು ಡಿವೈಡಿಂಗ್ ಹೆಡ್, ಬೇಕಾದಷ್ಟೇ ಕಟರು ಇದ್ದರೆ ಸಾಕು. ಲೇತಿಗೇ ಜೋಡಿಸಿಕೊಂಡು ಕತ್ತರಿಸುವುದೂ ಉಂಟು. ಸಣ್ಣ ಹಲ್ಲಿಗೆ ಅಡ್ಡಿಯಿಲ್ಲ, ದೊಡ್ಡ ಹಲ್ಲಿಗೆ ಹೋದರೆ ಹಗುರ ಲೇತ್ ನಡುಗುತ್ತದೆ.

ಸಾಮಾನ್ಯ ಡಿವೈಡಿಂಗ್ ಹೆಡ್ಡಿನ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಅದಕ್ಕೆ ಕಟ್ಟಿದ ಬಿಲ್ಲೆ ಒಂದು ಸುತ್ತು ತಿರುಗುತ್ತದೆ. 45 ಹಲ್ಲು ಬೇಕಾದರೆ 40ನ್ನು 45ರಿಂದ ಭಾಗಿಸಿ. ಒಂಬತ್ತರಲ್ಲಿ ಎಂಟು ಪಾಲು, ಅಂದರೆ 18 ತೂತಿನ ವೃತ್ತದಲ್ಲಿ ಪ್ರತಿ ಹಲ್ಲಿಗೂ 16 ತೂತು ಮುಂದಕ್ಕೆ ಸರಿಸಬೇಕು. ಭಿನ್ನರಾಶಿ ಏಕೆ ಕಲಿಯಬೇಕೆಂದು ಶಾಲೆಯ ಮಕ್ಕಳು ಕೇಳಿದರೆ ಈಗ ನಮ್ಮಲ್ಲಿ ಉತ್ತರವುಂಟು! ಹೀಗೆ ಕಲಿಸುವ ನಾವೇ ಮೊದಲ ಗೇರಿನಲ್ಲಿ, ಪಿನ್ನು ನಿಂತಿದ್ದ ತೂತನ್ನೂ ಸೇರಿಸಿ ಹದಿನಾರು ಎಣಿಸಿದೆವು. ಸರಿದದ್ದು ಹದಿನೈದೇ. ಸುತ್ತು ಮುಗಿದಾಗ ಬಿಲ್ಲೆಯ ಮೇಲೆ 48 ತೆಳು ಹಲ್ಲುಗಳಿದ್ದವು. ಒಳ್ಳೆಯ ಎರಕದ ಕಬ್ಬಿಣ ಗುಜರಿಗೆ ಹೋಯಿತು.

ಹಳೆಯ ಹೆಡ್ ಕೊಳ್ಳುವಾಗ ತೂತಿನ ತಟ್ಟೆಗಳು ಎಲ್ಲವೂ ಇವೆಯೇ ಎಂದು ನೋಡಿಯೇ ದುಡ್ಡು ಕೊಡಿ. ನಮಗೆ ಮಾರಿದವರು ಒಂದನ್ನು ಕೊಟ್ಟು, ಉಳಿದವು ಮನೆಯಲ್ಲಿವೆ, ಕಳುಹಿಸುತ್ತೇವೆ ಎಂದರು. ಇನ್ನೂ ಬಂದಿಲ್ಲ.

ಕಟರಿನಲ್ಲಿ ಒಂದೊಂದು ಅಳತೆಗೆ ಎಂಟರ ಪೆಟ್ಟಿಗೆ ಬರುತ್ತದೆ. ಎಂಟನ್ನೂ ಕೊಳ್ಳಬೇಡಿ. 21ರಿಂದ 25 ಹಲ್ಲಿಗೆ ಒಂದು, 35ರಿಂದ 54ಕ್ಕೆ ಇನ್ನೊಂದು, ಹೀಗೆ ಹಂಚಿಕೆ ಇರುತ್ತದೆ. ಒಂದರಿಂದ ಎಂಟರವರೆಗಿನ ಅಂಕಿಯನ್ನು ಕೆಲವರು ತಿರುಗುಮುರುಗಾಗಿ ಹಾಕುವುದರಿಂದ, ಕಟರಿನ ಮೇಲೆ ಕೆತ್ತಿದ ಹಲ್ಲಿನ ಸಂಖ್ಯೆಯನ್ನೇ ಓದಿಕೊಳ್ಳಬೇಕು.

ಇದೆಲ್ಲಕ್ಕೂ ಮೊದಲು ಅಳತೆ. ಹಳೆಯ ಯಂತ್ರಗಳಲ್ಲಿ ಇಂಚಿನ ಲೆಕ್ಕದ ಡಿ.ಪಿ., ಹೊಸವುಗಳಲ್ಲಿ ಮಿಲಿಮೀಟರಿನ ಮಾಡ್ಯೂಲ್. ಮುರಿದ ಗೇರಿನ ಹಲ್ಲು ಎಣಿಸಿ ಎರಡು ಕೂಡಿಸಿ, ಹೊರ ವ್ಯಾಸವನ್ನು ಅದರಿಂದ ಭಾಗಿಸಿ. 24 ಹಲ್ಲಿನದು 65 ಮಿಲಿಮೀಟರ್ ಇದ್ದರೆ ಎರಡೂವರೆ ಮಾಡ್ಯೂಲ್. 66 ಬಂದರೆ ಅದು 10 ಡಿ.ಪಿ. ವ್ಯತ್ಯಾಸ ಒಂದೇ ಮಿಲಿಮೀಟರ್. ಬರಿಗಣ್ಣಿಗೆ ಎರಡೂ ಒಂದೇ. ಬೆರೆಸಿ ಓಡಿಸಿದರೆ ಮೊದಲು ಸದ್ದು, ಆಮೇಲೆ ಜೊತೆಯ ಗೇರಿನ ಹಲ್ಲೂ ಸವೆದು ಹಾಳು. ಸವೆದ ಹಲ್ಲಿನ ತುದಿಯಿಂದ ಅಳತೆ ಕಡಿಮೆ ಬರುವುದುಂಟು, ಆದಕಾರಣ ಜೊತೆಯ ಗೇರನ್ನೂ ಬಿಚ್ಚಿ ತರಹೇಳಿ. ನಾವು ಒಂದು ಗೇರನ್ನು ಮಾತ್ರ ತಂದವರನ್ನು ಹಿಂದಕ್ಕೆ ಕಳುಹಿಸುತ್ತೇವೆ, ಬೈದುಕೊಂಡೇ ಹೋಗುತ್ತಾರೆ.

ಒಳ್ಳೆಯ ವರ್ನಿಯರ್ ಕ್ಯಾಲಿಪರಿಗೆ ಖರ್ಚಾಗುವುದು ಹಾಬಿಂಗ್ ಯಂತ್ರದ ಒಂದು ತಿಂಗಳ ಬಡ್ಡಿಯಷ್ಟೂ ಇರಲಾರದು. ನಾವು ಮೊದಲು ಕೊಂಡದ್ದು ಅದನ್ನೇ. ಈಗ ನಮ್ಮ ಶೆಡ್ಡಿನಲ್ಲಿ ಮೂರು ಕಟರುಗಳಿವೆ. ನಾಲ್ಕನೆಯದು ಬೇಕಾಗುವ ಕೆಲಸ ಇನ್ನೂ ಬಂದಿಲ್ಲ.