ದೋಷವನ್ನರಿತೂ ಸಂತೋಷಪಡುವದು

ನಮ್ಮ ಸುಶಿಕ್ಷಿತ ಮನೆತನಗಳಲ್ಲಿ ಒಂದು ವಿಚಿತ್ರವಾದ ವ್ಯಾಧಿಯು ತಲೆದೋರಿರುವದು. ಯಾವ ಕೃತಿಯಲ್ಲಿ ದೋಷವು ಕಂಡಿತೋ ಅದರಿಂದ ಸಂತೋಷಪಡುವದು ಪಾಮರರ ಲಕ್ಷಣವೆಂದು ಒಂದು ಪಂಗಡದವರು ಸಾರುತ್ತಾರೆ. ತಮಗೆ ಸಂತೋಷವನ್ನಿತ್ತ ಕೃತಿಯಲ್ಲಿ ದೋಷವೇ ಇಲ್ಲವೆಂದು ಮತ್ತೊಂದು ಪಂಗಡದವರು ಸಾಧಿಸಹೊರಡುತ್ತಾರೆ. ಈ ಉಭಯ ಪಕ್ಷಗಳೂ ಖಂಡನಾರ್ಹವಾದವುಗಳೆಂದು ತೋರಿಸುವದೇ ಈ ಲೇಖದ ಉದ್ದೇಶ. ಇದಕ್ಕಾಗಿ ಮಹಾಕಾವ್ಯವನ್ನು ತೆಗೆದುಕೊಳ್ಳದೆ, ಮಕ್ಕಳ ಆಟವೆಂದು ಹಿರಿಯರು ಮೂಗು ಮುರಿಯುವ ಒಂದು ಚಲಚ್ಚಿತ್ರವನ್ನೇ ಉದಾಹರಣೆಯಾಗಿ ಆರಿಸಿಕೊಂಡಿರುವೆನು.

1962ರಲ್ಲಿ ಜಪಾನಿನ ತೊಹೊ ಸಂಸ್ಥೆಯವರು ‘ಕಿಂಗ್ ಕಾಂಗ್ ವಿರುದ್ಧ ಗಾಡ್ಜಿಲಾ’ ಎಂಬ ಚಿತ್ರವನ್ನು ಹೊರತಂದರು. ಕಾಂಗನೆಂಬ ಮಹಾವಾನರನು 1933ರಲ್ಲಿ ಅಮೇರಿಕೆಯಲ್ಲಿ ಹುಟ್ಟಿದವನು. ಗಾಡ್ಜಿಲಾ ಎಂಬ ಮಹಾಸರಟವು 1954ರಲ್ಲಿ, ಹಿರೋಶಿಮಾ ನಾಗಾಸಾಕಿಗಳ ದಹನವಾಗಿ ಒಂಬತ್ತು ವರ್ಷಗಳಾದ ಮೇಲೆ, ಜಲಜನಕ ಬಾಂಬಿನ ಭೀತಿಯಿಂದ ಹುಟ್ಟಿದುದು. ಬೇರೆ ಬೇರೆ ದೇಶಗಳ ಈ ಎರಡು ಭೂತಗಳನ್ನು ನಿರ್ದೇಶಕ ಇಶಿರೊ ಹೊಂಡಾ ಅವರು ಒಂದೇ ಕಣಕ್ಕೆ ಇಳಿಸಿದರು.

ಚಿತ್ರದ ದೋಷಗಳನ್ನು ಮೊದಲು ಹೇಳಿಬಿಡೋಣ. 1933ರಲ್ಲಿ ಎತ್ತರದ ಕಟ್ಟಡದಿಂದ ಬಿದ್ದು ಮಡಿದ ಕಾಂಗನು ಇಲ್ಲಿ ಜೀವಂತನಿದ್ದಾನೆ. ಅಷ್ಟೇ ಅಲ್ಲ, ಎದುರಾಳಿಗೆ ಸರಿದೂಗುವಂತೆ ಸುಮಾರು 45 ಮೀಟರು ಬೆಳೆದಿದ್ದಾನೆ. ಇದಕ್ಕೆ ಕಾರಣವನ್ನು ಯಾರೂ ಹೇಳುವದಿಲ್ಲ. ವಿದ್ಯುತ್ತು ತಾಗಿದರೆ ಅವನಿಗೆ ಬಲವೇರುವದಂತೆ. ಯಾವ ಶಾಸ್ತ್ರದ ಪ್ರಕಾರವೋ ತಿಳಿಯದು. ಅವನ ತೊಗಲು ಹಳೆಯ ಕಂಬಳಿಯಂತೆ ಜೋಲುತ್ತದೆ. ಬಲೂನುಗಳಿಗೆ ಕಟ್ಟಿ ಅವನನ್ನು ಫೂಜಿ ಪರ್ವತಕ್ಕೆ ಹೊತ್ತೊಯ್ಯುವ ದೃಶ್ಯವನ್ನು ಕಂಡು ನಗದವರಾರು? ಇವೆಲ್ಲ ಬುದ್ಧಿಯ ದೋಷಗಳು. ಇವುಗಳಿಗಿಂತ ಗುರುತರವಾದುದು ನೀತಿಯ ದೋಷ: ಫಾರೋ ದ್ವೀಪದ ನಿವಾಸಿಗಳ ವೇಷವನ್ನು ಜಪಾನೀ ನಟರೇ ಮೈಗೆ ಬಣ್ಣ ಬಳಿದುಕೊಂಡು ಧರಿಸಿ, ಆ ಜನರನ್ನು ಹಾಸ್ಯದ ವಸ್ತುವಾಗಿಸಿದ್ದಾರೆ. ಇದನ್ನು ಮುಚ್ಚಿಡುವದು ಸಲ್ಲದು.

ಇಷ್ಟನ್ನು ಕೇಳಿದ ಕೂಡಲೆ ದೋಷೈಕದೃಷ್ಟಿಯವರು, ‘ಹಾಗಾದರೆ ಅದನ್ನು ನೋಡುವದೇಕೆ?’ ಎಂದು ಗರ್ಜಿಸುವರು. ಅವರಿಗೆ ನಮ್ಮ ನೆಲದ ಗ್ರಂಥದಿಂದಲೇ ಉತ್ತರ ಹೇಳಬಹುದು. ಸೇಡಂ ತಾಲೂಕಿನ ಮಳಖೇಡವು ಒಮ್ಮೆ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಿತು. ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಸಿದ್ಧವಾದ ಕವಿರಾಜಮಾರ್ಗದಲ್ಲಿ ಮೂರು ಪರಿಚ್ಛೇದಗಳಿರುವವು. ಮೊದಲನೆಯದು ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ಉಳಿದೆರಡು ಶಬ್ದಾಲಂಕಾರ, ಅರ್ಥಾಲಂಕಾರಗಳಿಗೆ. ನಮ್ಮ ವಿಮರ್ಶಕ ಮಹಾಶಯರಾದರೋ ಮೊದಲನೆಯ ಪರಿಚ್ಛೇದವನ್ನೋದಿಯೇ ಪುಸ್ತಕವನ್ನು ಮಡಿಚಿಟ್ಟವರಂತೆ ವರ್ತಿಸುತ್ತಾರೆ!

ಚಂದ್ರನ ಕಾಂತಿಯಲ್ಲಿ ಕಲಂಕವು ಮುಳುಗಿಹೋಗುವದೆಂಬ ಕಾಳಿದಾಸನ ಸಮಾಧಾನವನ್ನು ನಾನು ಇಲ್ಲಿ ತರುವದಿಲ್ಲ. ಈ ಚಿತ್ರದಲ್ಲಿ ಕಲಂಕವೇ ಹೆಚ್ಚು, ಬೆಳದಿಂಗಳು ಕಡಿಮೆ. ಆದರೂ ಆ ಅಲ್ಪ ಬೆಳದಿಂಗಳು ಬೆಳದಿಂಗಳೇ. ಅದು ಯಾವದೆಂದು ಕೇಳಿದರೆ, ಸೋಲನ್ನರಿಯದ ಇಬ್ಬರು ಎದುರುಬದುರು ನಿಲ್ಲುವ ಕ್ಷಣದ ವಿಸ್ಮಯವು. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಯೇ ಹೊರತು ಸಂಭವನೀಯತೆಯಲ್ಲ.

ಈ ವಿಸ್ಮಯವು ನಮಗೆ ಹೊಸದೇ? ಕೃಷ್ಣಾರ್ಜುನರ ಕಾಳಗವು ವ್ಯಾಸಭಾರತದಲ್ಲಿಲ್ಲ. ರಾಮಾಂಜನೇಯರ ಯುದ್ಧವು ವಾಲ್ಮೀಕಿಯಲ್ಲಿಲ್ಲ. ಗಯನೆಂಬ ಗಂಧರ್ವನ ಉಗುಳು ಕೃಷ್ಣನ ಅರ್ಘ್ಯದಲ್ಲಿ ಬಿದ್ದುದೇ ನೆವವಾಗಿ, ಒಬ್ಬನು ಕೊಲ್ಲುವೆನೆಂದು ಶಪಥ ಮಾಡಿ, ಮತ್ತೊಬ್ಬನು ತಿಳಿಯದೆ ಅಭಯವನ್ನಿತ್ತು, ಪ್ರಾಣಸ್ನೇಹಿತರೇ ಕಾದಾಡುವರು. ಇಬ್ಬರಲ್ಲಿ ಯಾರೂ ಸಾಯಲಾರರೆಂದು ಮಗುವಿಗೂ ಗೊತ್ತು. ಆದರೂ ಈ ಕಥೆಯು ಬಯಲಾಟಗಳಲ್ಲಿ ಬೆಳಗಿನವರೆಗೆ ಜನರನ್ನು ಕೂಡಿಸಿತು. 1963ರಲ್ಲಿ ತೆಲುಗಿನಲ್ಲಿ ರಾಮರಾವ್ ನಾಗೇಶ್ವರರಾವ್ ಇವರ ಚಿತ್ರವೂ ಆಯಿತು. ಬಯಲಾಟದಲ್ಲಿ ಕಿರೀಟವು ವಾಲಿದರೆ, ಮೀಸೆಯು ಕಳಚಿದರೆ ಪ್ರೇಕ್ಷಕರು ನಕ್ಕರು, ಆದರೆ ಎದ್ದುಹೋಗಲಿಲ್ಲ. ವೇಷದೊಳಗಿನ ಮನುಷ್ಯನ ಶ್ರಮವನ್ನು ಅವರು ಬಲ್ಲವರಾಗಿದ್ದರು. ಗಾಡ್ಜಿಲಾದ ಭಾರವಾದ ರಬ್ಬರಿನ ಕವಚದೊಳಗೆ, ಉರಿಯುವ ದೀಪಗಳ ಎದುರಿನಲ್ಲಿ ಬೆವರಿದ ಹಾರುವೊ ನಕಜಿಮಾ ಎಂಬ ನಟನೂ ನಮ್ಮ ಬಣ್ಣದ ವೇಷದವನ ಸಹೋದರನೇ ಸರಿ.

ಇನ್ನು ಎರಡನೆಯ ಪಂಗಡದವರ ವಿಚಾರ. ಅವರು ಈ ಮಲ್ಲಯುದ್ಧದಲ್ಲಿ ಗಹನವಾದ ತತ್ತ್ವಾರ್ಥಗಳನ್ನು ಅಗೆದು ತೆಗೆಯುವರು. ಚಿತ್ರದಲ್ಲಿ ವಿಡಂಬನೆಯಿರುವದು ನಿಜ: ಒಂದು ಔಷಧಿಯ ಕಂಪನಿಯ ಯಜಮಾನನು ತನ್ನ ಜಾಹೀರಾತಿಗಾಗಿಯೇ ಕಾಂಗನನ್ನು ತರಿಸುತ್ತಾನೆ. ಅದು ಚೆನ್ನಾದ ಚೇಷ್ಟೆಯು. ಆದರೆ 1954ರ ಚಿತ್ರದ ಗಾಂಭೀರ್ಯವು ಇಲ್ಲಿ ಉಳಿದಿಲ್ಲ. ಉಳಿದಿದೆಯೆಂದು ವಾದಿಸುವವನು ತನ್ನ ನಗೆಗೆ ತಾನೇ ನಾಚಿದವನು. ಜಪಾನಿನಲ್ಲಿ ಗಾಡ್ಜಿಲಾ ಚಿತ್ರಗಳೊಳಗೆಲ್ಲ ಇದನ್ನೇ ಅತ್ಯಧಿಕ ಜನರು ಕಂಡರೆಂಬ ಮಾತೂ ಪ್ರಮಾಣವಾಗಲಾರದು. ಸಂತೆಯ ಗದ್ದಲವು ಸರಕಿನ ಗುಣವನ್ನು ಹೇಳುವದಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ವಾದವೇಕೆಂದು ವಾಚಕರು ಕೇಳಬಹುದು. ವಿಷಯವು ಸಣ್ಣದಲ್ಲ. ಮನೆಯಲ್ಲಿ ಹುಡುಗನೊಬ್ಬನು ಇಂಥ ಚಿತ್ರವನ್ನು ನೋಡಿ ಚಪ್ಪಾಳೆ ತಟ್ಟುವಾಗ ಹಿರಿಯರು ಹೀಯಾಳಿಸಿದರೆ, ಅವನು ಚಿತ್ರವನ್ನು ಬಿಡುವದಿಲ್ಲ. ಸಂತೋಷವನ್ನು ಬಚ್ಚಿಡುವದನ್ನು ಕಲಿಯುವನು. ಮುಂದೆ ಕುಮಾರವ್ಯಾಸನನ್ನು ಕುರಿತೂ ಪರರ ಅಭಿಪ್ರಾಯವನ್ನೇ ಒಪ್ಪಿಸುವನು. ತನ್ನದೆಂಬ ರುಚಿಯು ಅವನಲ್ಲಿ ಉಳಿದಿರುವದಿಲ್ಲ. ಸೇಡಂ ಚಿತ್ತಾಪುರಗಳ ಹಳ್ಳಿಗಳಲ್ಲಿ ಬಯಲಾಟದ ಅಟ್ಟಗಳು ಏಕೆ ವಿರಳವಾದವು? ಕಾರಣಗಳು ಹಲವಿದ್ದರೂ ‘ಛಂದಸ್ಸು ಕೆಟ್ಟಿದೆ, ಭಾಷೆಯು ಅಶುದ್ಧವಾಗಿದೆ’ ಎಂದು ಹಿಂದಿರುಗಿದ ಓದುಬಲ್ಲವರ ತಾತ್ಸಾರವೂ ಅವುಗಳಲ್ಲಿ ಒಂದು. ಅವರು ಕಂಡ ದೋಷಗಳು ನಿಜವಾಗಿದ್ದವು. ಆದರೆ ದೋಷಗಳ ಸಂಗಡ ಆಟವೂ ಹೋಯಿತು.

ಆದುದರಿಂದ ಮನೆಯ ಹಿರಿಯರು ಮಗುವಿನ ಪಕ್ಕದಲ್ಲಿ ಕುಳಿತು ಚಿತ್ರವನ್ನು ನೋಡಲಿ. ‘ನಿನಗೆ ಯಾವದು ಹಿಡಿಸಿತು? ಯಾವದು ಸುಳ್ಳೆನಿಸಿತು?’ ಎಂದು ಎರಡನ್ನೂ ಕೇಳಲಿ. ಫಾರೋ ದ್ವೀಪದವರ ವೇಷವು ಏಕೆ ತಪ್ಪೆಂಬದನ್ನು ತಿಳಿಸಿ ಹೇಳಲಿ. ಎರಡು ಪ್ರಶ್ನೆಗಳಿಗೂ ನಿರ್ಭಯವಾಗಿ ಉತ್ತರ ಹೇಳಬಲ್ಲ ಮಗುವೇ ಮುಂದೆ ಸಹೃದಯನಾಗುವನು.