ಹಳೇ ಕ್ಯಾಮೆರಾ ಕೊಟ್ಟು ಕಂತಿಗೆ ಸಹಿ ಹಾಕುವ ಮುನ್ನ ಇದನ್ನು ಓದಿರಿ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಫೋಟೋಗ್ರಾಫರ್ ಅಣ್ಣತಮ್ಮಂದಿರಲ್ಲಿ ವಿನಂತಿ.

ತುಳಸಿ ಲಗ್ನ ಮುಗಿದರೆ ನಮ್ಮ ಆರ್ಡರ್ ಶುರು. ಅದಕ್ಕೂ ಮೊದಲೇ ಹುಬ್ಬಳ್ಳಿಯಿಂದ ಫೋನ್ ಶುರು: "ಅಣ್ಣಾರ, ಡಿಎಸ್‌ಎಲ್‌ಆರ್ ಕಾಲ ಮುಗೀತ್ರಿ. ಹಳೇದು ಬಿಟ್ಟು ಮಿರರ್‌ಲೆಸ್ ಒಯ್ರಿ, ಉಳಿದದ್ದು ಕಂತಿನ್ಯಾಗ ಕಟ್ಟೀರಂತ."

ಇದರಲ್ಲಿ ಅರ್ಧ ನಿಜ. 2018ರಲ್ಲಿ ಕ್ಯಾನನ್ ಆರ್‌ಎಫ್ ಮೌಂಟ್ ತಂದಿತು, ನಿಕಾನ್ ಝಡ್ ಮೌಂಟ್ ತಂದಿತು. 2020ರ 1ಡಿಎಕ್ಸ್ ಮಾರ್ಕ್ 3ರ ನಂತರ ಕ್ಯಾನನ್ ಆ ದರ್ಜೆಯ ಡಿಎಸ್‌ಎಲ್‌ಆರ್ ಹೊರತಂದಿಲ್ಲ. ಕಣ್ಣು ಹುಡುಕಿ ಫೋಕಸ್ ಹಿಡಿಯುವುದರಲ್ಲಿ, ವಿಡಿಯೊದಲ್ಲಿ ಮಿರರ್‌ಲೆಸ್ ಮುಂದಿದೆ. ಸುಳ್ಳೇಕೆ ಹೇಳೋಣ?

ಉಳಿದರ್ಧ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಾಡಿ ಬದಲಿಸುವುದು ಮೊದಲ ಬಿಲ್ಲು ಮಾತ್ರ. ಹೊಸ ಲೆನ್ಸ್ ಹಳೇ ಬಾಡಿಗೆ ಕೂರುವುದೇ ಇಲ್ಲ. ಒಂದು ಆರ್‌ಎಫ್ ಲೆನ್ಸ್ ಕೊಂಡಿರೋ, ಎರಡನೇ ಬಾಡಿಯೂ ಹೊಸದೇ ಬೇಕಾಗುತ್ತದೆ. ಕಂಪನಿಯ ಲಾಭ ಇರುವುದು ಅಲ್ಲಿ.

ಹಳೇ ಲೆನ್ಸ್ ಮಾತ್ರ ಹೊಸ ಬಾಡಿಗೆ ಕೂರುತ್ತದೆ. ಇಎಫ್ ಮೌಂಟಿನಿಂದ ಸೆನ್ಸಾರ್‌ಗೆ 44 ಮಿಲಿಮೀಟರ್ ದೂರ, ಆರ್‌ಎಫ್‌ನಲ್ಲಿ 20. ನಡುವಿನ 24 ಮಿಲಿಮೀಟರ್ ತುಂಬಲು ಕ್ಯಾನನ್ನಿನದೇ ಸಾದಾ ಅಡಾಪ್ಟರ್ ಇದೆ. ಒಳಗೆ ಗಾಜಿಲ್ಲದ ಕೊಳವೆ ಅದು, ಫೋಟೋ ಕೆಡುವುದಿಲ್ಲ, ಆಟೋಫೋಕಸ್ ನಡೆಯುತ್ತದೆ. ಹೀಗಿರುವಾಗ ನಿಮ್ಮ 70-200ನ್ನು ಗುಜರಿ ರೇಟಿಗೆ ಯಾಕೆ ಕೊಡಬೇಕು?

ನಿಕಾನ್ ಇಟ್ಟವರೇ, ನೀವು ಇನ್ನಷ್ಟು ಹುಷಾರಾಗಿರಿ. ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಫೋಕಸ್ ಮೋಟರ್ ಇಲ್ಲ. ಎಎಫ್-ಎಸ್ ಲೆನ್ಸ್ ಇದ್ದರೆ ಚಿಂತೆಯಿಲ್ಲ. ಆದರೆ ನಮ್ಮ ಎಷ್ಟೋ ಬ್ಯಾಗಿನಲ್ಲಿರುವ 50 ಎಂಎಂ 1.8ಡಿ ಅದರ ಮೇಲೆ ತಾನಾಗಿ ಫೋಕಸ್ ಆಗುವುದಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಕೈಯಿಂದ ರಿಂಗ್ ತಿರುಗಿಸುತ್ತ ನಿಂತರೆ ಬೀಗರು ಸುಮ್ಮನಿರುತ್ತಾರೆಯೇ?

ಹಿರಿಯ ಸ್ಟುಡಿಯೊದವರಿಗೆ ಇದು ಹೊಸ ಆಟವಲ್ಲ. 1987ರಲ್ಲಿ ಕ್ಯಾನನ್ ಎಫ್‌ಡಿ ಬಿಟ್ಟು ಇಎಫ್‌ಗೆ ಹೋದಾಗ ಹಳೇ ಲೆನ್ಸುಗಳೆಲ್ಲ ಕಪಾಟು ಸೇರಿದವು. ಈ ಸಲ ದಾರಿ ತೆರೆದಿದೆ, ಅವಸರ ನಮಗಿಲ್ಲ.

ಗಿರಾಕಿ ಕೇಳುವುದಾದರೂ ಏನು? ಆಲ್ಬಂ. 12-18 ಇಂಚಿನ ಪುಟಕ್ಕೆ 300 ಡಿಪಿಐ ಲೆಕ್ಕದಲ್ಲಿ 3600-5400 ಪಿಕ್ಸೆಲ್ ಸಾಕು. 2012ರ 6ಡಿ 3648-5472 ಕೊಡುತ್ತದೆ. ಬ್ಯಾಟರಿಯ ಮಾತೂ ಇದೆ. ಒಂದೇ ನಮೂನೆಯ ಬ್ಯಾಟರಿಗೆ ಕಂಪನಿಯೇ ಕೊಟ್ಟ ಲೆಕ್ಕ ನೋಡಿ: 5ಡಿ ಮಾರ್ಕ್ 4ರಲ್ಲಿ ಸುಮಾರು 900 ಫೋಟೋ, ಇಒಎಸ್ ಆರ್‌ನಲ್ಲಿ ಸುಮಾರು 370. ಸುರಗಿಯಿಂದ ಹಿಡಿದು ಹೆಣ್ಣು ಒಪ್ಪಿಸುವತನಕ ಕರೆಂಟ್ ಇರುತ್ತದೆಂದು ನಂಬಿ ಹಳ್ಳಿಗೆ ಹೋಗುವವರು ನಮ್ಮಲ್ಲಿ ಯಾರೂ ಇಲ್ಲ.

ಆದ್ದರಿಂದ ಈ ಸೀಜನ್ನಿಗೆ ಯಾರೂ ಎಕ್ಸ್‌ಚೇಂಜ್ ಮಾಡಬೇಡಿರಿ. ವಿಡಿಯೊ ಆರ್ಡರ್ ಹೆಚ್ಚಿದ್ದವರು ಒಂದು ಬಾಡಿ, ಒಂದು ಅಡಾಪ್ಟರ್ ಅಷ್ಟೇ ತೊಗೊಳ್ಳಿರಿ, ಲೆನ್ಸ್ ಮಾರಬೇಡಿರಿ. ಉಳಿದವರು ಬೇಕಾದ ದಿನ ಬಾಡಿಗೆಗೆ ತರೋಣ, ನಾಲ್ಕು ಜನ ಸೇರಿ ಒಂದು ಕೊಳ್ಳೋಣ. ಅಂಗಡಿಯವರು ಹಳೇ ಬಾಡಿಗೆ ಬೆಲೆ ಕಟ್ಟಿದರೆ ಬಾಡಿಗೆ ಬೇರೆ, ಲೆನ್ಸಿಗೆ ಬೇರೆ ಚೀಟಿ ಬರೆಸಿಕೊಳ್ಳಿರಿ.

ಬರುವ ಅಮಾವಾಸ್ಯೆಗೆ ಲಗ್ನವಿಲ್ಲ, ನಮಗೂ ಬಿಡುವು. ಅಂದು ಬೆಳಿಗ್ಗೆ 10ಕ್ಕೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಮುಂದೆ ಕೂಡೋಣ. ನಿಮ್ಮ ಹಳೇ ಲೆನ್ಸ್‌ಗಳನ್ನೆಲ್ಲ ತನ್ನಿರಿ. ಮಿರರ್‌ಲೆಸ್ ಬಾಡಿ, ಎರಡೂ ಕಂಪನಿಯ ಅಡಾಪ್ಟರ್ ನಾವು ತರುತ್ತೇವೆ, ಒಂದೊಂದಾಗಿ ಹಾಕಿ ನೋಡೋಣ. ನಮ್ಮ ಡಿಎಸ್‌ಎಲ್‌ಆರ್‌ಗಳಿಗೆ ಬಿಡಿಭಾಗ, ರಿಪೇರಿ ಯಾವ ವರ್ಷದವರೆಗೆ ಸಿಗುತ್ತದೆಂದು ಬರಹದಲ್ಲಿ ತಿಳಿಸಿರೆಂದು ಕಂಪನಿಗಳಿಗೆ ಪತ್ರ ಬರೆದಿದ್ದೇವೆ. ಸಹಿ ಮಾಡಲು ಸ್ಟುಡಿಯೊದ ಶಿಕ್ಕಾ ತರುವುದನ್ನು ಮರೆಯಬೇಡಿರಿ.

ಇಂತಿ,
ನಾಲ್ಕೂ ತಾಲೂಕಿನ ಕೆಲವು ಸ್ಟುಡಿಯೊದವರು