ಮುಂಗಡದ ರೊಕ್ಕ

ದುಡಿದವನಿಗೆ ಬಹುಮಾನವಿತ್ತರೆ ಅವನು ಇನ್ನಷ್ಟು ಹುರುಪಿನಿಂದ ದುಡಿಯುವನೆಂದು ಅಧ್ಯಾಪಕ ತರಬೇತಿಯಲ್ಲಿ ನಾವು ಓದಿದ್ದೆವು. ಆ ಬಹುಮಾನವು ಯಾವಾಗ ಕೈಸೇರಬೇಕೆಂಬುದನ್ನು ಮಾತ್ರ ಅಲ್ಲಿ ಯಾರೂ ಹೇಳಲಿಲ್ಲ. ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯೇ ಅದನ್ನು ಕಲಿಸಿತು.

ಸಾಂಗಲಿ, ಮಿರಜದ ಸುತ್ತಲಿನ ಸಕ್ಕರೆ ಕಾರಖಾನೆಯ ಕಾಯಂ ಕೆಲಸಗಾರನು ದೀಪಾವಳಿಯ ಬೋನಸ್ಸಿನ ದಾರಿ ಕಾಯುತ್ತಾನೆ. 1965ರ ಬೋನಸ್ ಕಾಯದೆಗೆ ಬಳಿಕ ಆದ ತಿದ್ದುಪಡಿಯಂತೆ ಅದರ ಕನಿಷ್ಠ ಪ್ರಮಾಣ ಶೇಕಡಾ 8.33, ಅಂದರೆ ವರ್ಷಕ್ಕೊಂದು ತಿಂಗಳ ಪಗಾರ. ಅದು ಮಾಡಿ ಮುಗಿಸಿದ ದುಡಿಮೆಗೆ ಸಲ್ಲುವ ಹಣ.

ಅದೇ ಕಾರಖಾನೆಗೆ ಕಬ್ಬು ಕಡಿಯುವವರ ಲೆಕ್ಕವೇ ಬೇರೆ. ಗಂಡಹೆಂಡಿರು ಕೂಡಿ ಒಂದು ‘ಕೊಯ್ತಾ’. ಹಂಗಾಮಿನ ಮೊದಲೇ ಮುಕಾದಮನು ಮುಂಗಡ ಎಣಿಸುತ್ತಾನೆ. ಆಮೇಲೆ ಟನ್ನಿನ ದರದಂತೆ ಕಡಿದು ತೀರಿಸಬೇಕು. ಈ ದರವು ಕೈಯನ್ನು ಚುರುಕುಗೊಳಿಸುವುದೇನೋ ನಿಜ. ದಿನಕ್ಕೆ ಎರಡು ಟನ್ನು ಕಡಿಯುವ ಜೋಡಿಗಳುಂಟು. ಆದರೆ ಹಣವು ಮದುವೆಗೋ ಔಷಧಕ್ಕೋ ಆಗಲೇ ಕರಗಿರುತ್ತದೆ. ಜ್ವರದಿಂದ ಮಲಗಿದ ದಿನ ಟನ್ನಿಲ್ಲ, ಸಾಲ ಇದ್ದಲ್ಲೇ ಇರುತ್ತದೆ. ಆಗ ಹೊರೆ ಕಟ್ಟಲು, ಕೂಸನ್ನಾಡಿಸಲು ಮಗಳು ಬೇಕಾಗುತ್ತಾಳೆ. (ತೂಕದ ಚೀಟಿಯಲ್ಲಿ ಅವಳ ಹೆಸರಿರುವುದಿಲ್ಲ.)

ಒಮ್ಮೆ ಒಬ್ಬ ತಂದೆಗೆ, ಮಗಳನ್ನು ಅಜ್ಜಿಯ ಬಳಿ ಬಿಟ್ಟು ಹೋಗೆಂದೆವು. “ರೊಕ್ಕ ಮೊದಲ ತಗೊಂಡೀವ್ರಿ ಗುರುಗಳ, ಆಕಿನ್ನ ಬಿಟ್ಟು ಹೋದ್ರ ತೀರೂದಿಲ್ರಿ” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಯುಗಾದಿಯ ಬಳಿಕ ಹುಡುಗಿ ಶಾಲೆಗೆ ಬಂದಳು. ಭಾಗಾಕಾರವನ್ನು ಮರೆತಿದ್ದಳು. ಮುಂಗಡದಲ್ಲಿ ಇನ್ನು ಉಳಿದುದೆಷ್ಟೆಂದು ಕೇಳಲು, ತಟ್ಟನೆ ಹೇಳಿದಳು.